ಮಸಾಲೆ ಡಬ್ಬಿಯ ಕಲ್ಲುಹೂವು, ಮೊಣಕಾಲಿನ ಬಾವು

(ಬೆಳಗಾವಿಯ ಟಿಳಕವಾಡಿಯಲ್ಲಿ ಗೆಳೆಯರ ಓದಿನ ಬಳಗದ ಮುಂದೆ ಆಡಿದ ಮಾತು. ಧ್ವನಿಮುದ್ರಿಕೆ ಕೇಳಿ ಬರೆದದ್ದು, ಅಲ್ಲಲ್ಲಿ ತಿದ್ದಿದ್ದೇನೆ.)

ಇಲ್ಲಿಗೆ ಬರುವ ಮೊದಲು ರವಿವಾರ ಪೇಟೆಗೆ ಹೋಗಿ ಐವತ್ತು ಗ್ರಾಂ ಕಲ್ಲುಹೂವು ತಂದೆ. ಈ ಪೊಟ್ಟಣ ಅದೇ. ಮುಂದಿನ ಸಾಲಿನಿಂದ ಹಿಂದಕ್ಕೆ ಕೊಡುತ್ತ ಹೋಗಿ, ಕೈಯಲ್ಲಿ ಹಿಡಿದು ನೋಡಿ, ಬೇಕಾದರೆ ಮೂಸಿ. ಅಂಗಡಿಯವರಿಗೆ ನಾನು ಕಲ್ಲುಹೂವು ಕೊಡ್ರಿ ಅಂದೆ, ಅವರು ಒಳಗಿದ್ದ ಹುಡುಗನಿಗೆ ದಗಡಫೂಲ ತಾರೋ ಅಂದರು. ನಮ್ಮೂರೇ ಹಾಗಲ್ವಾ, ಕನ್ನಡದಲ್ಲಿ ಕೇಳಿದ್ದು ಮರಾಠಿಯಲ್ಲಿ ಬರುತ್ತದೆ. ಎರಡೂ ಹೆಸರಿನ ಅರ್ಥ ಒಂದೇ, ಕಲ್ಲಿನ ಹೂವು. ಆಮೇಲೆ ಅವರು ತೂಕ ಮಾಡುತ್ತ ಒಂದು ಮಾತು ಕೇಳಿದರು. "ಸರ, ಮಸಾಲಿಗೇನ್ರೀ, ಮೊಣಕಾಲಿಗೇನ್ರೀ?"

ನಾನು ಅರೆಗಳಿಗೆ ಸುಮ್ಮನಾದೆ. ಇವತ್ತು ಮಾತಾಡಬೇಕಾದ ವಿಷಯವನ್ನೇ ಅವರು ತಕ್ಕಡಿಯಲ್ಲಿ ಇಟ್ಟುಬಿಟ್ಟಿದ್ದರು. ಇತ್ತೀಚೆಗೆ ಫೋನಿನಲ್ಲಿ ಒಂದು ಸಂದೇಶ ಓಡಾಡುತ್ತಿದೆಯಂತೆ, ಕಲ್ಲುಹೂವಿನ ಕಷಾಯ ಕುಡಿದರೆ ಮೊಣಕಾಲಿನ ಬಾವು ಇಳಿಯುತ್ತದೆ ಅಂತ. ಮೊದಲು ಹತ್ತಿಪ್ಪತ್ತು ಗ್ರಾಂ ಒಯ್ಯುತ್ತಿದ್ದವರು ಈಗ ಕಾಲು ಕಿಲೋ ಒಯ್ಯುತ್ತಾರೆ ಅಂದರು. ಅವರಿಗೇನು, ವ್ಯಾಪಾರ. ಆದರೆ ಅವರೂ ಕೊನೆಗೆ ಮೆಲ್ಲಗೆ ಕೇಳಿದರು, ಖರೇನೇನ್ರೀ ಅಂತ. ನಾನು ಔಷಧಶಾಸ್ತ್ರ ಪಾಠ ಮಾಡುವವನು, ಡಾಕ್ಟರ್ ಅಲ್ಲ. ಹೌದು ಅಥವಾ ಇಲ್ಲ ಅಂತ ಒಂದು ಮಾತಿನಲ್ಲಿ ಹೇಳಿ ಬರಬಹುದಿತ್ತು. ಆದರೆ ಇದಕ್ಕೆ ಒಂದು ಮಾತಿನ ಉತ್ತರವಿಲ್ಲ. ಅದಕ್ಕೇ ನಿಮ್ಮ ಮುಕ್ಕಾಲು ಗಂಟೆ ತೆಗೆದುಕೊಳ್ಳುತ್ತಿದ್ದೇನೆ.

ಮೊದಲು ಇದು ಏನು ಅಂತ ನೋಡೋಣ. ಹೆಸರಿನಲ್ಲಿ ಹೂವು ಇದೆ, ಆದರೆ ಇದು ಹೂವಲ್ಲ, ಎಲೆಯಲ್ಲ, ತೊಗಟೆಯೂ ಅಲ್ಲ. ಗಿಡದ ಯಾವ ಭಾಗವೂ ಅಲ್ಲ. ಇದು ಲೈಕೆನ್. ಒಂದು ಶಿಲೀಂಧ್ರ, ಅಂದರೆ ನಮ್ಮ ಅಣಬೆ, ಬೂಷ್ಟು ಇವುಗಳ ಬಳಗದ್ದು, ಮತ್ತು ಒಂದು ಪಾಚಿ, ಇಬ್ಬರೂ ಸೇರಿ ಕಟ್ಟಿಕೊಂಡ ಒಂದೇ ಮನೆ. ಶಿಲೀಂಧ್ರಕ್ಕೆ ಬಿಸಿಲಿನಿಂದ ಅಡುಗೆ ಮಾಡಲು ಬರುವುದಿಲ್ಲ. ಪಾಚಿಗೆ ಅದು ಬರುತ್ತದೆ, ಆದರೆ ಬರಿ ಬಂಡೆಯ ಮೇಲೆ ಒಂಟಿಯಾಗಿ ಬಿಸಿಲಿಗೆ ಕೂತರೆ ಒಣಗಿ ಸಾಯುತ್ತದೆ. ನಮ್ಮ ಕಡೆ ಹೊಲ ಕೋರಿಗೆ ಹಾಕುತ್ತಾರಲ್ಲ, ಭೂಮಿ ಒಬ್ಬರದು, ದುಡಿಮೆ ಇನ್ನೊಬ್ಬರದು, ಬೆಳೆಯಲ್ಲಿ ಪಾಲು, ಹಾಗೆ. ಶಿಲೀಂಧ್ರ ಜಾಗ, ನೆರಳು, ತೇವ ಕೊಡುತ್ತದೆ. ಪಾಚಿ ಸಕ್ಕರೆ ಕೊಡುತ್ತದೆ. ಪಾಲು ಸಮನಾಗಿದೆಯಾ ಅಂತ ಕೇಳಬೇಡಿ, ಕೋರಿನಲ್ಲಿ ಯಾವತ್ತು ಸಮನಾಗಿತ್ತು?

ಈ ಒಳಗುಟ್ಟನ್ನು 1860ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಸೈಮನ್ ಶ್ವೆಂಡನರ್ ಹೇಳಿದಾಗ ಲೈಕೆನ್ ಪಂಡಿತರೇ ಅವನ ಮೇಲೆ ಹರಿಹಾಯ್ದರು. ಒಂದು ಜೀವಿ ಅಂತ ಹೆಸರಿಟ್ಟು ಸಾಲಾಗಿ ಜೋಡಿಸಿಟ್ಟಿದ್ದನ್ನು ಇವನು ಎರಡು ಅಂತಾನಲ್ಲ ಅಂತ ಸಿಟ್ಟು. ಅವನು ಹೇಳಿದ್ದೇ ನಿಜವಾಯಿತು. ತಮಾಷೆ ಅಂದರೆ 2016ರಲ್ಲಿ ಇನ್ನೊಂದು ತಂಡ, ಕೆಲವು ಲೈಕೆನ್‌ಗಳ ಹೊರಪದರದಲ್ಲಿ ಯೀಸ್ಟ್ ಜಾತಿಯ ಮೂರನೆಯ ಪಾಲುದಾರನೂ ಇದ್ದಾನೆ ಅಂತ ತೋರಿಸಿತು. ಪಹಣಿಯಲ್ಲಿ ಹೆಸರಿಲ್ಲದ ಪಾಲುದಾರ.

ನೀವು ಇದನ್ನು ದಿನಾ ನೋಡುತ್ತೀರಿ, ಗಮನಿಸಿರುವುದಿಲ್ಲ ಅಷ್ಟೆ. ಕೋಟೆಯ ಗೋಡೆಯ ಮೇಲೆ ಯಾರೋ ಸುಣ್ಣ ಎರಚಿದಂತೆ ಬೂದು ಬಣ್ಣದ ದುಂಡು ಕಲೆಗಳಿವೆಯಲ್ಲ, ಅದು ಲೈಕೆನ್. ಗೋಕಾಕ ಕಡೆ ಹೋದರೆ ಬಂಡೆಗೆ ಬಣ್ಣ ಬಳಿದಂತೆ ಅಂಟಿಕೊಂಡಿರುತ್ತದೆ, ಉಗುರಿನಿಂದ ಕೆರೆದರೂ ಬರುವುದಿಲ್ಲ. ಪಶ್ಚಿಮಕ್ಕೆ ತಿರುಗಿ ಜಾಂಬೋಟಿ ದಾಟಿ ಕಣಕುಂಬಿಯ ದಾರಿ ಹಿಡಿದರೆ ಚಹರೆಯೇ ಬೇರೆ. ಅಲ್ಲಿ ಮಳೆ, ಮಂಜು ಜಾಸ್ತಿ, ಮರದ ಕಾಂಡಗಳ ಮೇಲೆ ಎಲೆ ಎಲೆಯಾಗಿ ಎದ್ದಿರುತ್ತದೆ, ಕೆಲವು ಕೊಂಬೆಗಳಿಂದ ಗಡ್ಡದ ಹಾಗೆ ಜೋತು ಬೀಳುತ್ತದೆ. ಜಗತ್ತಿನಲ್ಲಿ ಹತ್ತಿರ ಹತ್ತಿರ ಇಪ್ಪತ್ತು ಸಾವಿರ ಬಗೆಯ ಲೈಕೆನ್‌ಗಳಿವೆ ಅಂತ ಲೆಕ್ಕ. ನಿಮ್ಮ ಕೈಯಲ್ಲಿರುವ ಮಸಾಲೆಯದು ಮುಖ್ಯವಾಗಿ ಪಾರ್ಮೊಟ್ರೀಮಾ ಅನ್ನುವ ಗುಂಪಿನದು. ಮೇಲ್ಮೈ ಬೂದು, ಮಗುಚಿದರೆ ಕೆಳಗೆ ಕಪ್ಪು. ಈ ಬಣ್ಣ ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಈಗ ಔಷಧಿಯ ಮಾತು. ಲೈಕೆನ್ ಬದುಕು ಕಷ್ಟದ್ದು. ನೆತ್ತಿಯ ಮೇಲೆ ಬಿಸಿಲು, ಓಡಿಹೋಗಲು ಕಾಲಿಲ್ಲ, ತಿನ್ನಲು ಬರುವ ಬಸವನಹುಳು, ಮೇಲೆ ಕೂತು ಬೆಳೆಯಲು ನೋಡುವ ಬ್ಯಾಕ್ಟೀರಿಯಾ. ಜೊತೆಗೆ ಬೆಳವಣಿಗೆ ವಿಪರೀತ ನಿಧಾನ. ಎಲೆಯಂಥವು ವರ್ಷಕ್ಕೆ ಕೆಲವೇ ಮಿಲಿಮೀಟರ್, ಬಂಡೆಗೆ ಅಂಟಿದವು ಎಷ್ಟೋ ಸಲ ಒಂದು ಮಿಲಿಮೀಟರ್ ಕೂಡ ಇಲ್ಲ. ಒಂದು ತುಂಡು ಯಾರಾದರೂ ತಿಂದು ಹೋದರೆ ಮತ್ತೆ ಬೆಳೆಸಿಕೊಳ್ಳಲು ವರ್ಷಗಟ್ಟಲೆ ಬೇಕು. ಹಾಗಾಗಿ ರಾಸಾಯನಿಕ ಕಾವಲು. ಶಿಲೀಂಧ್ರ ತನಗೆ ಸಿಕ್ಕ ಸಕ್ಕರೆಯಲ್ಲಿ ಒಂದು ಪಾಲನ್ನು ಕಹಿ ಆಮ್ಲಗಳಾಗಿ ಮಾಡಿ, ಸಣ್ಣ ಸಣ್ಣ ಹರಳುಗಳಾಗಿ ತನ್ನ ಎಳೆಗಳ ಹೊರಗೆ ಮೆತ್ತಿಕೊಳ್ಳುತ್ತದೆ. ಇಂಥ ಸಾವಿರಕ್ಕೂ ಹೆಚ್ಚು ವಸ್ತುಗಳನ್ನು ಗುರುತಿಸಿದ್ದಾರೆ. ಹೆಚ್ಚಿನವು ಲೈಕೆನ್ ಬಿಟ್ಟರೆ ಬೇರೆ ಎಲ್ಲೂ ಸಿಗುವುದಿಲ್ಲ.

ಶಾಲೆಯಲ್ಲಿ ಲಿಟ್ಮಸ್ ಕಾಗದ ಹಿಡಿದಿದ್ದೀರಲ್ಲ? ನಿಂಬೆರಸದಲ್ಲಿ ಅದ್ದಿದರೆ ನೀಲಿ ಕೆಂಪಾಗುವುದು. ಆ ಬಣ್ಣ ಬಂದದ್ದು ರೊಸೆಲ್ಲಾ ಎನ್ನುವ ಲೈಕೆನ್ ಮತ್ತು ಅದರ ನಂಟರಿಂದ. ನಮ್ಮಲ್ಲಿ ಎಲ್ಲರೂ ಒಂದಲ್ಲ ಒಂದು ದಿನ ಲೈಕೆನ್ ರಸಾಯನಶಾಸ್ತ್ರ ಮಾಡಿದವರೇ, ಹತ್ತು ಮಾರ್ಕಿಗೆ.

ಈ ಆಮ್ಲಗಳಲ್ಲಿ ಹೆಸರು ಮಾಡಿದ್ದು ಉಸ್ನಿಕ್ ಆಮ್ಲ. 1844ರಲ್ಲಿ ಜರ್ಮನಿಯ ವಿಲ್ಹೆಲ್ಮ್ ಕ್ನಾಪ್ ಬೇರ್ಪಡಿಸಿದ್ದು. ಗಡ್ಡದ ಹಾಗೆ ಜೋತು ಬೀಳುತ್ತದೆ ಅಂದೆನಲ್ಲ, ಆ ಉಸ್ನಿಯಾದಿಂದ ಬಂದ ಹೆಸರು. ಹಳದಿ ಬಣ್ಣದ ಹರಳು. ನಾನು ಓದುವಾಗ ಇದನ್ನು ತೆಗೆಯಲು ಹೋಗಿ ಒಂದು ಮಂಗನಾಟ ಮಾಡಿದ್ದೆ, ಅದನ್ನು ಹೇಳಿಬಿಡುತ್ತೇನೆ, ಮುಂದಿನ ಮಾತಿಗೆ ಅದೇ ಬೇಕು.

ಚೋರ್ಲಾ ಕಡೆಯಿಂದ ಬಿದ್ದ ಕೊಂಬೆಗಳ ಮೇಲಿನ ಉಸ್ನಿಯಾ ಆರಿಸಿ ತಂದು, ನಮ್ಮವ್ವ ಕಷಾಯ ಮಾಡುತ್ತಿದ್ದ ರೀತಿಯಲ್ಲೇ ನೀರಿಗೆ ಹಾಕಿ ಕುದಿಸಿದೆ. ಎರಡು ದಿನ ಕುದಿಸಿದೆ. ನೀರು ಕಂದು ಬಣ್ಣಕ್ಕೆ ಬಂತು, ಗಂಜಿಯ ಹಾಗೆ ಅಂಟಂಟಾಯಿತು, ಹಳದಿ ಹರಳು ಮಾತ್ರ ಒಂದು ಚೂರೂ ಇಲ್ಲ. ಮೂರನೆಯ ದಿನ ನಮ್ಮ ಮೇಷ್ಟ್ರು ಬಂದು ಪಾತ್ರೆಯೊಳಗೆ ಇಣುಕಿ, "ಏನಪಾ, ಅಂಬಲಿ ಮಾಡಾಕತ್ತೀಯೇನು?" ಅಂದರು. ಆಮೇಲೆ ಅದೇ ಒಣ ಉಸ್ನಿಯಾವನ್ನು ಅಸಿಟೋನಿನಲ್ಲಿ ನೆನೆಹಾಕಲು ಹೇಳಿದರು. ಉಗುರಿನ ಬಣ್ಣ ಅಳಿಸುತ್ತಾರಲ್ಲ, ಅದೇ ಅಸಿಟೋನ್. ಸೋಸಿ, ಒಂದು ಗಾಜಿನ ತಟ್ಟೆಯಲ್ಲಿ ಆರಲು ಬಿಟ್ಟು ಹೋದೆ. ಮರುದಿನ ಬೆಳಿಗ್ಗೆ ತಟ್ಟೆಯ ಅಂಚಿನಲ್ಲಿ ಸೂಜಿ ಸೂಜಿಯಾದ ಹಳದಿ ಹರಳು. ಅವತ್ತಿನ ಖುಷಿ ಇವತ್ತಿಗೂ ಇದೆ.

ವಿಷಯ ಇಷ್ಟೆ. ಉಸ್ನಿಕ್ ಆಮ್ಲ ನೀರಿನಲ್ಲಿ ಕರಗುವುದೇ ಇಲ್ಲ ಅನ್ನಬಹುದು. ಲೈಕೆನ್‌ನ ಈ ಜಾತಿಯ ಬಹಳಷ್ಟು ಆಮ್ಲಗಳ ಕಥೆಯೂ ಹೆಚ್ಚು ಕಡಿಮೆ ಅದೇ. ಈಗ ಫೋನಿನ ಸಂದೇಶ ನೆನಪಿಸಿಕೊಳ್ಳಿ, ಕಲ್ಲುಹೂವನ್ನು ನೀರಿನಲ್ಲಿ ಕುದಿಸಿ ಕುಡಿಯಿರಿ. ಬಾವಿನ ಮೇಲೆ ಕೆಲಸ ಮಾಡುತ್ತದೆ ಅಂತ ಪ್ರಯೋಗದಲ್ಲಿ ಕಂಡ ವಸ್ತುಗಳ ಬಹುಪಾಲು ಸೋಸಿ ಎಸೆದ ಚರಟದಲ್ಲೇ ಉಳಿದಿರುತ್ತದೆ.

ಸರಿ, ಆ ಪ್ರಯೋಗಗಳಲ್ಲಿ ಏನು ಕಂಡಿತು? ಅದಕ್ಕೆ ಬಾವು ಅಂದರೆ ಏನು ಅಂತ ಗೊತ್ತಿರಬೇಕು. ಪುಸ್ತಕದ ಕನ್ನಡದಲ್ಲಿ ಉರಿಯೂತ ಅಂತಾರೆ. ಮುಳ್ಳು ಚುಚ್ಚಿದ ಬೆರಳು ನೆನಪಿಸಿಕೊಳ್ಳಿ, ಕೆಂಪು, ಬಿಸಿ, ಊತ, ನೋವು. ಎರಡು ಸಾವಿರ ವರ್ಷದ ಹಿಂದೆ ರೋಮಿನ ಸೆಲ್ಸಸ್ ಬರೆದಿಟ್ಟದ್ದೂ ಈ ನಾಲ್ಕೇ. ಇದು ರೋಗವಲ್ಲ, ಊರಿಗೆ ಕಳ್ಳ ಬಂದಾಗ ಜನ ಬಡಿಗೆ ಹಿಡಿದು ಓಡಿ ಬರುವುದು. ಕಾವಲು ಕಣಗಳು ಡಂಗುರ ಸಾರುತ್ತವೆ, ರಕ್ತನಾಳ ಹಿಗ್ಗುತ್ತದೆ, ನೀರು ಸೋರುತ್ತದೆ, ಬಿಳಿ ರಕ್ತಕಣಗಳು ಬರುತ್ತವೆ. ಕಳ್ಳ ಹೋದ ಮೇಲೂ ಜನ ಮನೆಗೆ ಹೋಗದೆ ಅಲ್ಲೇ ಬಡಿಗೆ ಬೀಸುತ್ತ ನಿಂತರೆ ತೊಂದರೆ. ಸಂಧಿವಾತದಲ್ಲಿ ಆಗುವುದು ಅದು. ನಮ್ಮವರೇ ನಮ್ಮ ಕೀಲಿನ ಗೋಡೆ ಒಡೆಯುತ್ತಾರೆ.

ಡಂಗುರ ಸಾರುವ ಸಂದೇಶಗಳಲ್ಲಿ ಒಂದು ಗುಂಪು ಹುಟ್ಟುವುದು ಜೀವಕೋಶದ ಪೊರೆಯಲ್ಲಿರುವ ಒಂದು ಕೊಬ್ಬಿನಿಂದ, ಹೆಸರು ಅರಾಕಿಡಾನಿಕ್ ಆಮ್ಲ. ಹೆಸರು ಮರೆತರೂ ಚಿಂತೆ ಇಲ್ಲ, ನವಿಲುತೀರ್ಥದ ಡ್ಯಾಮ್ ನೆನಪಿಟ್ಟುಕೊಳ್ಳಿ. ಮಲಪ್ರಭೆಯ ನೀರು ಅಲ್ಲಿಂದ ಎಡದಂಡೆ ಕಾಲುವೆಗೂ ಹೋಗುತ್ತದೆ, ಬಲದಂಡೆ ಕಾಲುವೆಗೂ ಹೋಗುತ್ತದೆ. ಈ ಆಮ್ಲಕ್ಕೂ ಹಾಗೇ ಎರಡು ಕಾಲುವೆ. ಒಂದರ ಗೇಟು ಕಾಕ್ಸ್ ಅನ್ನುವ ಕಿಣ್ವ, ಅದರಿಂದ ಪ್ರೊಸ್ಟಗ್ಲಾಂಡಿನ್‌ಗಳು ಹರಿಯುತ್ತವೆ, ನೋವು ಮತ್ತು ಜ್ವರದ ಕಡೆಗೆ. ಇನ್ನೊಂದರ ಗೇಟು ಲಿಪಾಕ್ಸಿಜನೇಸ್, ಅದರಿಂದ ಲ್ಯೂಕೊಟ್ರೈನ್‌ಗಳು, ಬಿಳಿ ರಕ್ತಕಣಗಳನ್ನು ಕರೆಯುವುದು, ಶ್ವಾಸನಾಳ ಬಿಗಿಯುವುದು ಅವುಗಳ ಕೆಲಸ. ಆಸ್ಪಿರಿನ್ ಮುಚ್ಚುವುದು ಮೊದಲನೆಯ ಗೇಟನ್ನು. 1971ರಲ್ಲಿ ಜಾನ್ ವೇನ್ ಇದನ್ನು ತೋರಿಸಿದರು, 1982ರಲ್ಲಿ ನೊಬೆಲ್ ಬಂತು. ಅಲ್ಲಿಯವರೆಗೆ ಎಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಜಗತ್ತು ಆಸ್ಪಿರಿನ್ ನುಂಗುತ್ತಿತ್ತು, ಅದು ಹೇಗೆ ಕೆಲಸ ಮಾಡುತ್ತದೆ ಅಂತ ಯಾರಿಗೂ ಗೊತ್ತಿರಲಿಲ್ಲ. ಈಗ ಯೋಚಿಸಿ, ಒಂದು ಕಾಲುವೆ ಮುಚ್ಚಿದರೆ ನೀರು ಇನ್ನೊಂದಕ್ಕೆ ಜಾಸ್ತಿ ನುಗ್ಗಬಹುದಲ್ವಾ? ಕೆಲವು ಅಸ್ತಮಾ ರೋಗಿಗಳಿಗೆ ಆಸ್ಪಿರಿನ್ ಕೊಟ್ಟರೆ ಉಸಿರು ಕಟ್ಟುತ್ತದೆ, ಅದಕ್ಕೆ ಕೊಡುವ ಮುಖ್ಯ ವಿವರಣೆ ಇದೇ.

ಲೈಕೆನ್‌ಗಳ ಮೇಲೆ ರಸಾಯನಶಾಸ್ತ್ರದವರ ಕಣ್ಣು ಬಿದ್ದದ್ದು ಇಲ್ಲಿ. ಅದರ ಕೆಲವು ವಸ್ತುಗಳು ಎರಡನೆಯ ಗೇಟನ್ನು ಅದುಮಿ ಹಿಡಿಯುತ್ತವೆ. ಐಸ್‌ಲ್ಯಾಂಡಿನಲ್ಲಿ ಬೆಳೆಯುವ ಸಿಟ್ರೇರಿಯಾ ಎನ್ನುವ ಲೈಕೆನ್‌ನಿಂದ ಸಿಕ್ಕ ಪ್ರೊಟೊಲಿಕೆಸ್ಟೆರಿನಿಕ್ ಆಮ್ಲ, ಸ್ಟೀರಿಯೊಕಾಲಾನ್‌ನಿಂದ ಸಿಕ್ಕ ಲೊಬಾರಿಕ್ ಆಮ್ಲ, ಇವೆರಡೂ 1990ರ ದಶಕದ ಪ್ರಯೋಗಗಳಲ್ಲಿ ಲಿಪಾಕ್ಸಿಜನೇಸ್ ದಾರಿಯನ್ನು ತಡೆದವು. ನಮ್ಮ ಮಸಾಲೆಯ ಕಲ್ಲುಹೂವಿನಲ್ಲಿ ಇರುವುದು ಅಟ್ರನೊರಿನ್, ಆ ಬೂದು ಮೇಲ್ಮೈಯಲ್ಲಿ ಕೂತಿರುವುದು ಅದೇ. ಅದೂ ಪ್ರಯೋಗಶಾಲೆಯಲ್ಲಿ ಲ್ಯೂಕೊಟ್ರೈನ್ ತಯಾರಿಯನ್ನು ಕಡಿಮೆ ಮಾಡಿದೆ. ಉಸ್ನಿಕ್ ಆಮ್ಲದ ದಾರಿ ಇನ್ನೂ ಮೇಲಿನದು. ಬ್ಯಾಕ್ಟೀರಿಯಾದ ಗೋಡೆಯ ಚೂರು ತೋರಿಸಿ ರೇಗಿಸಿದ ಇಲಿಯ ಕಾವಲು ಕಣಗಳಿಗೆ ಇದನ್ನು ಹಾಕಿದಾಗ, ಡಂಗುರದ ಕೋಲನ್ನೇ ಕಿತ್ತುಕೊಂಡ ಹಾಗೆ, ಬಾವು ಎಬ್ಬಿಸುವ ಸಂದೇಶಗಳಾದ ಟಿಎನ್‌ಎಫ್ ಮತ್ತು ನೈಟ್ರಿಕ್ ಆಕ್ಸೈಡ್ ಎರಡೂ ಇಳಿದವು. ಜೀನ್‌ಗಳಿಗೆ ಆಜ್ಞೆ ಕೊಡುವ ಎನ್‌ಎಫ್-ಕಪ್ಪಾ-ಬಿ ಎಂಬ ಮುಖ್ಯ ಸ್ವಿಚ್ಚನ್ನು ಅದು ಒತ್ತಿ ಹಿಡಿದಿತ್ತು.

ಇದೆಲ್ಲ ಗಾಜಿನ ತಟ್ಟೆಯ ಮಾತಾಯಿತು. ಜೀವ ಇರುವ ಪ್ರಾಣಿಯಲ್ಲಿ? ಅದಕ್ಕೆ ಒಂದು ಹಳೆಯ ಪರೀಕ್ಷೆ ಇದೆ, 1962ರಿಂದ ನಡೆದು ಬಂದದ್ದು. ಕ್ಯಾರಗೀನನ್ ಅಂತ ಕೆಂಪು ಸಮುದ್ರ ಪಾಚಿಯಿಂದ ತೆಗೆದ ಒಂದು ಅಂಟು, ಐಸ್‌ಕ್ರೀಮ್ ಗಟ್ಟಿಯಾಗಲು ಹಾಕುತ್ತಾರೆ. ಅದೇ ಅಂಟನ್ನು ಇಲಿಯ ಪಾದಕ್ಕೆ ಸೂಜಿಯಲ್ಲಿ ಚುಚ್ಚಿದರೆ ಗಂಟೆಯೊಳಗೆ ಪಾದ ಊದುತ್ತದೆ, ಮೂರರಿಂದ ಐದು ಗಂಟೆಗೆ ಊತ ತುದಿ ಮುಟ್ಟುತ್ತದೆ. ಪಾದವನ್ನು ಒಂದು ಕೊಳವೆಯ ನೀರಿನಲ್ಲಿ ಅದ್ದಿ ಎಷ್ಟು ನೀರು ಏರಿತು ಅಂತ ನೋಡುವುದು. ಔಷಧಿ ಕೊಟ್ಟ ಇಲಿ, ಕೊಡದ ಇಲಿ, ಎರಡರ ನಡುವಿನ ವ್ಯತ್ಯಾಸವೇ ಉತ್ತರ. ನಾನೂ ಇದನ್ನು ಮಾಡಿದ್ದೇನೆ, ಪಾಠವನ್ನೂ ಮಾಡಿದ್ದೇನೆ, ಇಲಿ ಕೈಯಲ್ಲಿ ಹಿಡಿದಾಗ ಅದರ ಎದೆ ಬಡಿತ ಬೆರಳಿಗೆ ಗೊತ್ತಾಗುತ್ತದೆ, ಅದು ನನಗೆ ಯಾವತ್ತೂ ಹಿಡಿಸಲಿಲ್ಲ.

2000ದಲ್ಲಿ ನಮ್ಮ ದೇಶದ ಒಂದು ತಂಡ, ಲಿಟ್ಮಸ್ ಕೊಟ್ಟಿತಲ್ಲ ಅದೇ ರೊಸೆಲ್ಲಾ ಗುಂಪಿನ ಒಂದು ಲೈಕೆನ್‌ನಿಂದ ಉಸ್ನಿಕ್ ಆಮ್ಲ ತೆಗೆದು ಈ ಪರೀಕ್ಷೆ ಮಾಡಿತು. ಇಲಿಯ ತೂಕದ ಪ್ರತಿ ಕಿಲೋಗೆ 100 ಮಿಲಿಗ್ರಾಂ ಕೊಟ್ಟಾಗ ಊತ ಚೆನ್ನಾಗಿ ಇಳಿಯಿತು, ನೋವು, ಬಾವಿಗೆ ಕೊಡುವ ಗುಳಿಗೆ ಐಬುಪ್ರೊಫೆನ್ ಇದೆಯಲ್ಲ, ಅಷ್ಟೇ ಪ್ರಮಾಣದ ಅದಕ್ಕೆ ಸರಿಸಮ ಅನ್ನುವಷ್ಟು. ಅದಕ್ಕೂ ಮೊದಲು 1995ರಲ್ಲಿ ಜಪಾನಿನ ತಂಡವೊಂದು, ಚೀನಾದ ಹಳೆಯ ವೈದ್ಯದಲ್ಲಿ ಬಳಸುವ ಒಂದು ಉಸ್ನಿಯಾದಿಂದ ಉಸ್ನಿಕ್ ಮತ್ತು ಡಿಫ್ರಾಕ್ಟೈಕ್ ಆಮ್ಲಗಳನ್ನು ತೆಗೆದು, ಅವು ಇಲಿಗಳಲ್ಲಿ ನೋವು ಮತ್ತು ಜ್ವರ ಎರಡನ್ನೂ ಇಳಿಸುತ್ತವೆ ಅಂತ ತೋರಿಸಿತ್ತು.

ಇಲ್ಲಿಗೆ ನಿಲ್ಲಿಸಿದರೆ ನೀವೆಲ್ಲ ನೇರವಾಗಿ ರವಿವಾರ ಪೇಟೆಗೆ ಹೋಗುತ್ತೀರಿ. ಐಬುಪ್ರೊಫೆನ್‌ಗೆ ಸಮ ಅಂತ ಪ್ರೊಫೆಸರೇ ಹೇಳಿದರು ಅಂತ ನಾಳೆ ನನ್ನ ಹೆಸರಿನಲ್ಲೇ ಇನ್ನೊಂದು ಸಂದೇಶ ಬರುತ್ತದೆ. ಸ್ವಲ್ಪ ಕೂತುಕೊಳ್ಳಿ. ಒಂದು ಲೆಕ್ಕ ಮಾಡೋಣ.

ಇಲಿಯ ಪ್ರಮಾಣವನ್ನು ಮನುಷ್ಯನಿಗೆ ನೇರವಾಗಿ ತೂಕದ ಮೇಲೆ ಹಾಕುವುದಿಲ್ಲ, ಇಲಿಯ ದೇಹ ಬೇಗ ಬೇಗ ಸುಟ್ಟು ಹಾಕುತ್ತದೆ, ಹಾಗಾಗಿ ಸುಮಾರು ಆರರಿಂದ ಭಾಗಿಸುವ ವಾಡಿಕೆ. 100ನ್ನು ಆರರಿಂದ ಭಾಗಿಸಿ, ಕಿಲೋಗೆ 16 ಮಿಲಿಗ್ರಾಂ ಅನ್ನಿ. ಅರವತ್ತು ಕಿಲೋ ತೂಕದವರಿಗೆ ಹತ್ತಿರ ಹತ್ತಿರ 1000 ಮಿಲಿಗ್ರಾಂ. ಅಂದರೆ ದಿನಕ್ಕೆ ಒಂದು ಗ್ರಾಂ ಶುದ್ಧ ಉಸ್ನಿಕ್ ಆಮ್ಲ. ಈ ಒಂದು ಗ್ರಾಂ ಅನ್ನುವುದನ್ನು ಬೆರಳು ಮಡಿಚಿ ಹಿಡಿದುಕೊಳ್ಳಿ.

ಅಮೆರಿಕದಲ್ಲಿ ಲಿಪೊಕೈನೆಟಿಕ್ಸ್ ಅಂತ ತೂಕ ಇಳಿಸುವ ಗುಳಿಗೆ ಮಾರುತ್ತಿದ್ದರು. ಅದರಲ್ಲಿ ಬೇರೆ ವಸ್ತುಗಳ ಜೊತೆ ಉಸ್ನಿಕ್ ಆಮ್ಲದ ಸೋಡಿಯಂ ಲವಣ, ಒಂದು ಗುಳಿಗೆಗೆ 100 ಮಿಲಿಗ್ರಾಂ. ದಿನಕ್ಕೆ ಮೂರರಿಂದ ಆರು ಗುಳಿಗೆ ತೆಗೆದುಕೊಳ್ಳುವುದು. ತೆಗೆದುಕೊಂಡ ಕೆಲವರಿಗೆ ವಾರಗಳಲ್ಲಿ, ತಿಂಗಳುಗಳಲ್ಲಿ ಕಾಮಾಲೆ ಬಂತು, ಯಕೃತ್ತು ಕೆಟ್ಟಿತು. 2001ರ ನವೆಂಬರಿನಲ್ಲಿ ಅಲ್ಲಿಯ ಔಷಧ ನಿಯಂತ್ರಣದವರು ಅದನ್ನು ಬಳಸಬೇಡಿ ಅಂತ ಎಚ್ಚರಿಕೆ ಕೊಟ್ಟರು. ಬೇರೆ ವಸ್ತುಗಳೂ ಇದ್ದವಲ್ಲ, ಉಸ್ನಿಕ್ ಆಮ್ಲವನ್ನೇ ಯಾಕೆ ದೂರುತ್ತೀರಿ ಅಂತ ಕೇಳಬಹುದು. ಆದರೆ ಬರೀ ಉಸ್ನಿಕ್ ಆಮ್ಲವನ್ನೇ ತೂಕ ಇಳಿಸಲು ನುಂಗಿ, ಯಕೃತ್ತು ಪೂರ್ತಿ ಕೈಕೊಟ್ಟು, ಬದಲಿ ಯಕೃತ್ತು ಹಾಕಬೇಕಾದ ಪ್ರಕರಣವೂ ವೈದ್ಯರ ದಾಖಲೆಯಲ್ಲಿದೆ.

ಈಗ ಮಡಿಚಿದ ಬೆರಳು ಬಿಡಿಸಿ. ಆ ಗುಳಿಗೆಯ ಲೆಕ್ಕದಲ್ಲಿ ದಿನಕ್ಕೆ 300ರಿಂದ 600 ಮಿಲಿಗ್ರಾಂ ಯಕೃತ್ತಿಗೆ ಪೆಟ್ಟು ಕೊಡಲು ಸಾಕಾಯಿತು. ಇಲಿಯ ಪಾದದ ಊತ ಇಳಿಸಿದ ಪ್ರಮಾಣ ನಮ್ಮ ಲೆಕ್ಕಕ್ಕೆ ತಂದರೆ 1000. ಮೊಣಕಾಲಿಗೆ ತಲುಪುವ ಮೊದಲೇ ಯಕೃತ್ತಿನ ಬಾಗಿಲು ಬರುತ್ತದೆ.

ಯಾಕೆ ಹೀಗೆ? ಜೀವಕೋಶದೊಳಗೆ ಮೈಟೊಕಾಂಡ್ರಿಯಾ ಅಂತ ಇದೆ, ಶಕ್ತಿ ತಯಾರಿಸುವ ಗಿರಣಿ. ಅದರ ಗೋಡೆಯ ಎರಡು ಬದಿಗೆ ಡ್ಯಾಮಿನ ಹಾಗೆ ಒತ್ತಡ ಕಟ್ಟಿ, ಆ ಒತ್ತಡದಿಂದ ಚಕ್ರ ತಿರುಗಿಸುತ್ತದೆ. ಉಸ್ನಿಕ್ ಆಮ್ಲ ಕೊಬ್ಬಿನಲ್ಲಿ ಸಲೀಸಾಗಿ ಓಡಾಡುವ ಆಮ್ಲ, ಆ ಗೋಡೆಯಲ್ಲಿ ಸೋರಿಕೆ ಮಾಡುತ್ತದೆ. ಇಂಧನ ಉರಿಯುತ್ತದೆ, ಬಿಸಿ ಹುಟ್ಟುತ್ತದೆ, ಚಕ್ರ ಮಾತ್ರ ತಿರುಗುವುದಿಲ್ಲ. ತೂಕ ಇಳಿಸುವವರಿಗೆ ಅದೇ ಆಸೆ ಹುಟ್ಟಿಸಿದ್ದು, ಕೂತಲ್ಲೇ ಕೊಬ್ಬು ಉರಿಯುತ್ತದಲ್ಲ ಅಂತ. ನುಂಗಿದ್ದೆಲ್ಲ ಮೊದಲು ಹೋಗುವುದು ಯಕೃತ್ತಿಗೆ, ಪೆಟ್ಟೂ ಅದಕ್ಕೇ. ನೀವು ಗಮನಿಸಿ, ಇದು ಲೈಕೆನ್ ತನ್ನನ್ನು ತಿನ್ನಲು ಬಂದವರಿಗೆ ಅಂತಲೇ ಇಟ್ಟ ವಸ್ತು. ನಾವು ಬಸವನಹುಳುವಿನ ಜಾಗದಲ್ಲಿ ನಿಂತಿದ್ದೇವೆ. ಉತ್ತರ ಯುರೋಪಿನಲ್ಲಿ ತೋಳದ ಲೈಕೆನ್ ಅಂತ ಒಂದಿದೆ, ಗಾಢ ಹಳದಿ, ಅದರೊಳಗೆ ವಲ್ಪಿನಿಕ್ ಆಮ್ಲ. ಅದನ್ನು ಮಾಂಸದಲ್ಲಿ ಬೆರೆಸಿ ತೋಳಗಳಿಗೆ ವಿಷ ಇಡುತ್ತಿದ್ದರು. ಹಿಮಸಾರಂಗಗಳು ಮಾತ್ರ ಚಳಿಗಾಲವಿಡೀ ಲೈಕೆನ್ ಮೇಯ್ದು ಬದುಕುತ್ತವೆ, ಅವುಗಳ ಹೊಟ್ಟೆಯ ಸೂಕ್ಷ್ಮಜೀವಿಗಳು ಉಸ್ನಿಕ್ ಆಮ್ಲವನ್ನು ಮುರಿದು ಹಾಕುತ್ತವೆ. ನಮ್ಮ ಹೊಟ್ಟೆಯಲ್ಲಿ ಅಂಥ ನೆಂಟರಿಲ್ಲ.

ಹಾಗಾದರೆ ಮಸಾಲೆ? ಇಲ್ಲಿ ಹಿಂದಿನ ಸಾಲಿನ ಅಕ್ಕನವರ ಮುಖ ಸಪ್ಪಗಾಗಿದ್ದು ಕಾಣಿಸಿತು. ಗಾಬರಿ ಬೇಡ. ಬಣ್ಣ ನೆನಪಿಟ್ಟುಕೊಳ್ಳಿ ಅಂದಿದ್ದೆನಲ್ಲ. ಉಸ್ನಿಕ್ ಆಮ್ಲ ಇರುವ ಲೈಕೆನ್ ಹಳದಿ ಮಿಶ್ರಿತ ಹಸಿರಾಗಿರುತ್ತದೆ. ಮಸಾಲೆಯ ಬೂದು ಕಲ್ಲುಹೂವಿನ ಮೇಲ್ಮೈಯಲ್ಲಿ ಇರುವುದು ಅಟ್ರನೊರಿನ್, ಅದು ಬೇರೆ. ಮತ್ತೆ ಪ್ರಮಾಣ ನೋಡಿ, ವರ್ಷದ ಮಸಾಲಿ ಖಾರ ಕುಟ್ಟಿಸುವಾಗ ಕಿಲೋಗಟ್ಟಲೆ ಮೆಣಸಿನಕಾಯಿ, ಕೊತ್ತಂಬರಿ ಬೀಜ, ಒಣ ಕೊಬ್ಬರಿಗೆ ಒಂದು ಹಿಡಿ ಕಲ್ಲುಹೂವು. ಒಂದು ಊಟಕ್ಕೆ ಬರುವುದು ಚಿಟಿಕೆಯಲ್ಲಿ ಚಿಟಿಕೆ. ತಲೆಮಾರುಗಳಿಂದ ಅಷ್ಟನ್ನೇ ತಿಂದಿದ್ದೇವೆ.

ಅಡುಗೆ ಮನೆಯವರ ಜಾಣತನ ಒಂದನ್ನು ಹೇಳಲೇಬೇಕು. ಪೊಟ್ಟಣ ಮೂಸಿದಿರಲ್ಲ, ಏನು ವಾಸನೆ ಬಂತು? ಒಣ ಮಣ್ಣು, ಹಳೆ ಮರ, ಅಷ್ಟೆ ಅಲ್ವಾ. ನಮ್ಮವ್ವ ಅದನ್ನು ಬಾಣಲೆಯಲ್ಲಿ ಸ್ವಲ್ಪ ಎಣ್ಣೆ ಬಿಟ್ಟು ಹುರಿದ ಕೂಡಲೇ ಇಡೀ ಮನೆಗೆ ಘಮ ಏಳುತ್ತಿತ್ತು, ಓಣಿಯ ತುದಿಗೆ ಗೊತ್ತಾಗುತ್ತಿತ್ತು ಇವತ್ತು ಇವರ ಮನೆಯಲ್ಲಿ ಮಸಾಲೆ ಅಂತ. ನೀರಿಗೆ ಬಿಡದ ಗುಣ ಎಣ್ಣೆಗೆ, ಬಿಸಿಗೆ ಬಿಡುತ್ತದೆ ಅನ್ನುವುದನ್ನು ಅವ್ವ ಅಸಿಟೋನ್ ಕಾಣದೆಯೇ ತಿಳಿದಿದ್ದಳು. ನಾನು ಎರಡು ದಿನ ನೀರು ಕುದಿಸಿದ್ದೆ. ಆಯುರ್ವೇದದಲ್ಲಿ ಇದಕ್ಕೆ ಶೈಲೇಯ, ಶೈಲಜ ಅಂತ ಹೆಸರು. ಕೀಲು ನೋವಿಗೆ ಹಚ್ಚುವ ಮಹಾನಾರಾಯಣ ತೈಲದಲ್ಲಿ ಬೀಳುವ ಹತ್ತಾರು ವಸ್ತುಗಳಲ್ಲಿ ಇದೂ ಒಂದು. ಅಲ್ಲೂ ಎಣ್ಣೆ, ಅಲ್ಲೂ ಮೇಲೆ ಹಚ್ಚುವುದು. ಅಷ್ಟರಿಂದಲೇ ಅದು ಮೊಣಕಾಲು ವಾಸಿ ಮಾಡುತ್ತದೆ ಅಂತ ನಾನು ಹೇಳುವುದಿಲ್ಲ, ಅಷ್ಟೊಂದು ವಸ್ತುಗಳಲ್ಲಿ ಯಾವುದು ಏನು ಮಾಡಿತು ಅಂತ ಬಿಡಿಸುವುದು ಸುಲಭವಲ್ಲ. ಆದರೆ ಕಷಾಯದ ಸಂದೇಶ ಬರೆದವನಿಗಿಂತ ಆ ತೈಲ ಕಾಸಿದವನಿಗೆ ವಸ್ತುವಿನ ಪರಿಚಯ ಇತ್ತು.

ಮೇಲೆ ಹಚ್ಚುವುದರಲ್ಲೂ ಒಂದು ಕೊಕ್ಕೆ ಇದೆ. ಅತ್ತರು ತಯಾರಿಸುವವರು ಕಲ್ಲುಹೂವನ್ನು ಬಳಸುತ್ತಾರೆ, ಯುರೋಪಿನ ಸುಗಂಧದವರು ಓಕ್ ಮರದ ಮೇಲಿನ ಎವರ್ನಿಯಾ ಎನ್ನುವ ಲೈಕೆನ್ ಬಳಸುತ್ತಿದ್ದರು. ಕಾಡಿನ ತೇವದ ಪರಿಮಳ ಬರುವುದು ಅದರಿಂದ. ಆದರೆ ಅಟ್ರನೊರಿನ್ ಮತ್ತು ಅದರ ಕ್ಲೋರಿನ್ ಸೇರಿದ ತಮ್ಮ ಮುರಿದಾಗ ಹುಟ್ಟುವ ಅಟ್ರನಾಲ್, ಕ್ಲೋರೊ-ಅಟ್ರನಾಲ್ ಇವು ಕೆಲವರ ಚರ್ಮಕ್ಕೆ ಭಾರಿ ಅಲರ್ಜಿ. ಯುರೋಪಿಯನ್ ಒಕ್ಕೂಟ 2017ರಲ್ಲಿ ನಿಯಮ ತಂದು ಸೌಂದರ್ಯ ಸಾಮಗ್ರಿಗಳಲ್ಲಿ ಇವೆರಡನ್ನೂ ನಿಷೇಧಿಸಿತು. ತಟ್ಟೆಯಲ್ಲಿ ಬಾವು ಇಳಿಸಿದ ವಸ್ತುವಿನ ಮಗನೇ ಚರ್ಮದ ಮೇಲೆ ಬಾವು ಎಬ್ಬಿಸುತ್ತಾನೆ.

ನೀರಿನ ಕಷಾಯ ಪೂರ್ತಿ ದಂಡ ಅಂತಲೂ ತಿಳಿಯಬೇಡಿ. ನನ್ನ ಅಂಬಲಿ ನೆನಪಿದೆಯಲ್ಲ, ಆ ಅಂಟು. ಐಸ್‌ಲ್ಯಾಂಡಿನ ಸಿಟ್ರೇರಿಯಾ ಲೈಕೆನ್‌ನಲ್ಲಿ ಲೈಕೆನಾನ್ ಅನ್ನುವ ಗಂಜಿಯಂಥ ವಸ್ತು ಹೇರಳವಾಗಿದೆ, ಬಿಸಿ ನೀರಿಗೆ ಬಿಡುತ್ತದೆ, ಗಂಟಲಿಗೆ ಒಂದು ತೆಳು ಪದರ ಬಳಿದಂತೆ ಆಗುತ್ತದೆ. ಒಣ ಕೆಮ್ಮಿಗೆ, ಗಂಟಲು ಕೆರೆತಕ್ಕೆ ಸಾಂಪ್ರದಾಯಿಕ ಬಳಕೆಯ ಔಷಧಿ ಅಂತ ಯುರೋಪಿನ ಔಷಧ ಸಂಸ್ಥೆ ಅದನ್ನು ಒಪ್ಪಿದೆ. ಕಷ್ಟದ ಕಾಲದಲ್ಲಿ ಅಲ್ಲಿಯ ಜನ ಅದನ್ನು ಹಿಟ್ಟಿಗೆ ಬೆರೆಸಿ ತಿನ್ನುತ್ತಿದ್ದರು, ಆದರೆ ಮೊದಲು ಬೂದಿ ನೀರಿನಲ್ಲಿ ನೆನೆಸಿ ಕಹಿಯನ್ನು ಚೆಲ್ಲಿದ ಮೇಲೆ. ಆ ಕಹಿ ಅಂದರೆ ನಾವು ಇಷ್ಟು ಹೊತ್ತು ಮಾತಾಡಿದ ಆಮ್ಲಗಳೇ. ಅವರು ಚೆಲ್ಲಿದ್ದನ್ನು ನಾವು ಗುಳಿಗೆಯಲ್ಲಿ ತುಂಬಲು ನೋಡುತ್ತಿದ್ದೇವೆ.

ಇನ್ನೊಂದು ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಲೈಕೆನ್‌ಗೆ ಬೇರಿಲ್ಲ, ಗಾಳಿ ಮತ್ತು ಮಳೆಯಲ್ಲಿ ಏನು ಬಂತೋ ಅದನ್ನು ಹೀರಿ ಇಟ್ಟುಕೊಳ್ಳುತ್ತದೆ. ಸೀಸವನ್ನೂ ಬಿಡುವುದಿಲ್ಲ. 1986ರಲ್ಲಿ ಚೆರ್ನೊಬಿಲ್ ಸ್ಫೋಟವಾದಾಗ ಉತ್ತರ ಸ್ಕ್ಯಾಂಡಿನೇವಿಯಾದ ಲೈಕೆನ್ ವಿಕಿರಣದ ಸೀಸಿಯಂ ಹೀರಿತು, ಅದನ್ನು ಮೇಯ್ದ ಹಿಮಸಾರಂಗದ ಮಾಂಸ ತಿನ್ನುವ ಹಾಗಿರಲಿಲ್ಲ. ಹೈವೇ ಪಕ್ಕದ ಮರದಿಂದ ಕೆರೆದು ತಂದು ಕುಡಿಯುತ್ತೇನೆ ಅನ್ನುವವರು ಇದನ್ನು ಯೋಚಿಸಲಿ.

ಮಾತು ಮುಗಿಸುವ ಮೊದಲೇ ಒಬ್ಬರು ಎದ್ದು ಕೇಳಿದರು, ಹಂಗಾದರ ಇದರಿಂದ ಔಷಧಿ ಬರೋದೇ ಇಲ್ಲೇನ್ರೀ ಅಂತ. ಬರಬಹುದು. ಯಾರೂ ಉಸ್ನಿಕ್ ಆಮ್ಲವನ್ನು ಹಾಗೇ ನುಂಗಿಸಲು ಹೊರಟಿಲ್ಲ. ಅದರ ರಚನೆಯನ್ನು ಸ್ವಲ್ಪ ತಿದ್ದಿ ಯಕೃತ್ತಿನ ಪೆಟ್ಟು ತಪ್ಪಿಸಬಹುದಾ, ಸಣ್ಣ ಕೊಬ್ಬಿನ ಹನಿಯಲ್ಲಿ ಮುಚ್ಚಿ ಬೇಕಾದ ಜಾಗಕ್ಕೆ ಮಾತ್ರ ಕಳಿಸಬಹುದಾ, ಅಂತ ಪ್ರಯತ್ನಗಳಿವೆ. ಕಾಡು ಕೆರೆಯದೆ ತಯಾರಿಸುವ ದಾರಿಯೂ ತೆರೆದಿದೆ. 2021ರಲ್ಲಿ ಅಟ್ರನೊರಿನ್ ಮಾಡುವ ಜೀನ್‌ಗಳನ್ನು ಲೈಕೆನ್‌ನಿಂದ ಎತ್ತಿ ಬೇರೆ ಶಿಲೀಂಧ್ರದೊಳಗೆ ಇಟ್ಟರು, ಅದು ಅಟ್ರನೊರಿನ್ ತಯಾರಿಸಿತು. ಯಾವ ಶಿಲೀಂಧ್ರ ಗೊತ್ತಾ? ಕಡಲೆ ಬೆಳೆಗೆ ರೋಗ ತರುವಂಥದ್ದು. ನಮ್ಮ ರೈತರು ಬೈಯುವ ಜಾತಿಯದು. ಸಾಂಪ್ರದಾಯಿಕ ವೈದ್ಯದ ಮೇಲೆ ಸಂಶೋಧನೆ ಮಾಡುವ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಸಂಸ್ಥೆ ನಮ್ಮ ಬೆಳಗಾವಿಯಲ್ಲೇ ಇದೆ, ಇಲ್ಲಿ ಕೂತ ವಿದ್ಯಾರ್ಥಿಗಳು ಒಂದು ದಿನ ಈ ಪ್ರಶ್ನೆ ಹಿಡಿದು ಅಲ್ಲಿಗೆ ಹೋಗಲಿ ಅಂತ ನನ್ನಾಸೆ. ಮೊಣಕಾಲು ಊದಿದವರು ಮಾತ್ರ ಅಲ್ಲಿಯವರೆಗೆ ಕಾಯದೆ ಮೂಳೆ ಡಾಕ್ಟರ ಹತ್ತಿರ ಹೋಗಿ. ಕಷಾಯ ಈಗಾಗಲೇ ಕುಡಿಯುತ್ತಿದ್ದರೆ ಅವರಿಗೆ ಹೇಳಿ, ಮುಚ್ಚಿಡಬೇಡಿ.

ಪೊಟ್ಟಣ ವಾಪಸ್ ಬಂತಾ? ಬಂತು, ಸ್ವಲ್ಪ ಹಗುರಾಗಿದೆ, ಇರಲಿ. ಈ ಮೇಜಿನ ಮೇಲೆ ಬಿಳಿ ತಟ್ಟೆಯಲ್ಲಿ ಹತ್ತು ತುಣುಕು ಇಟ್ಟಿದ್ದೇನೆ, ಪಕ್ಕದ ಬಾಟಲಿಯಲ್ಲಿ ಕಾಸ್ಟಿಕ್ ಪೊಟ್ಯಾಷ್ ದ್ರಾವಣ. ಕೈಗೆ ತಾಗಿದರೆ ಸುಡುತ್ತದೆ, ಹನಿ ನಾನೇ ಹಾಕುತ್ತೇನೆ, ನೀವು ಸುತ್ತ ನಿಂತು ನೋಡಿ. ಬೂದು ಮೇಲ್ಮೈ ಹಳದಿಯಾದರೆ ಅದು ಅಟ್ರನೊರಿನ್. ಕೆಲವು ತುಣುಕಿನ ಮೇಲ್ಪದರ ಕೆರೆದು ಒಳಗಿನ ಬಿಳಿ ಭಾಗಕ್ಕೆ ಹಾಕಿದರೆ ಮೊದಲು ಹಳದಿ, ನಿಮಿಷದೊಳಗೆ ರಕ್ತದ ಹಾಗೆ ಕೆಂಪು. ಅದು ಸಲಾಜಿನಿಕ್ ಆಮ್ಲ, ಬೇರೆ ಜಾತಿಯ ಲೈಕೆನ್. ಒಂದೇ ಪೊಟ್ಟಣದಲ್ಲಿ ಎಷ್ಟು ಜಾತಿ ಇದೆ ಅಂತ ಎಣಿಸೋಣ, ಬೆಳಿಗ್ಗೆ ನಾನು ಮಾಡಿದಾಗ ಕನಿಷ್ಠ ಮೂರು ಬಂದವು. ಅಕ್ಕಾರೇ, ನೀವು ಮುಂದೆ ಬನ್ನಿ, ಮೊದಲ ತುಣುಕು ನೀವೇ ಆರಿಸಿ.